ಹೇಳದೆಯೇ ಹೇಳಿದ್ದು

ವಾರಾಹಿ ಹೊಳೆಯ ದಡದ ಹಟ್ಟಿಯಂಗಡಿ. ಮಳೆ ಹಿಡಿದು ಗದ್ದೆ ನಾಟಿಗೆ ಹದವಾಗಿದೆ. "ಹ್ವಾಯ್, ನಾಳಿಗ್ ನಟ್ಟಿಗ್ ಬತ್ರ್ಯಾ?" ಎಂದು ನೆರೆಮನೆಯವರು ಕೇಳುತ್ತಾರೆ. "ಮನಿಗೆ ನೆಂಟ್ರ್ ಬತ್ರ್" ಎನ್ನುತ್ತಾಳೆ ಅಂಗಳದಲ್ಲಿ ನಿಂತಾಕೆ. ಬರುವುದಿಲ್ಲ ಎಂದು ಅವಳು ಹೇಳಲೇ ಇಲ್ಲ. ಆದರೂ ಕೇಳಿದವರು ಬೇರೆ ಆಳು ಹುಡುಕಲು ಹೊರಡುತ್ತಾರೆ. ಹೀಗೆ ಹೇಳದೆಯೇ ತಿಳಿಸಿದ ಅರ್ಥವೇ ಸೂಚ್ಯಾರ್ಥ.

ತಪ್ಪು ಕಲ್ಪನೆ: ಸೂಚ್ಯಾರ್ಥವೆಂದರೆ ಕೇಳುವವರ ಊಹೆ.

ಸತ್ಯ: ಅದರ ಹಿಂದೆ ಗಟ್ಟಿ ತರ್ಕವಿದೆ. ಕೇಳಿದ್ದು ನಟ್ಟಿಯ ವಿಷಯ, ಬಂದ ಉತ್ತರ ನೆಂಟರದು. ಸಂಬಂಧವಿಲ್ಲದ್ದನ್ನು ಇವಳು ಹೇಳಲಾರಳು ಎಂಬ ನಂಬಿಕೆಯಿಂದ ಕೇಳುವವರು ನಡುವಿನ ಕೊಂಡಿ ಕೂಡಿಸುತ್ತಾರೆ: ನೆಂಟರಿದ್ದರೆ ಅಡುಗೆ, ಅಡುಗೆಯಿದ್ದರೆ ಗದ್ದೆಗಿಳಿಯಲು ಪುರುಸೊತ್ತಿಲ್ಲ. ಮಾತುಕತೆ ನಿಂತಿರುವುದೇ ಇಂಥ ಸಹಕಾರದ ಮೇಲೆ ಎಂದು ಬ್ರಿಟಿಷ್ ದಾರ್ಶನಿಕ ಪಾಲ್ ಗ್ರೈಸ್ 1967ರಲ್ಲಿ ಹಾರ್ವರ್ಡ್‌ನ ಉಪನ್ಯಾಸಗಳಲ್ಲಿ ವಿವರಿಸಿದರು. ಇದಕ್ಕೊಂದು ಪರೀಕ್ಷೆಯೂ ಉಂಟು. "ನೆಂಟ್ರ್ ಬತ್ರ್, ಆರೂ ನಾ ಬತ್ತೆ" ಎಂದು ಅವಳು ಸೇರಿಸಿದರೆ ನಿರಾಕರಣೆ ಅಳಿಸಿಹೋಗುತ್ತದೆ, ಅವಳ ಮಾತಿನಲ್ಲಿ ವಿರೋಧವೇನೂ ಇಲ್ಲ. ನೆಂಟರು ಬರುತ್ತಾರೆ, ಆದರೆ ಅವರು ಬರುವುದಿಲ್ಲ ಎಂದರೆ ಮಾತೇ ಮುರಿದು ಬೀಳುತ್ತದೆ. ಸೂಚಿಸಿದ್ದನ್ನು ಹೀಗೆ ಹಿಂದಕ್ಕೆ ಪಡೆಯಬಹುದು, ಆಡಿದ್ದನ್ನು ಆಗದು.

ತಪ್ಪು ಕಲ್ಪನೆ: ಇದೆಲ್ಲ ಪಶ್ಚಿಮದವರು ಕಂಡುಹಿಡಿದದ್ದು.

ಸತ್ಯ: 9ನೇ ಶತಮಾನದಲ್ಲೇ ಕಾಶ್ಮೀರದ ಆನಂದವರ್ಧನ 'ಧ್ವನ್ಯಾಲೋಕ' ಬರೆದ. ಅವನು ಚರ್ಚಿಸುವ ಪ್ರಾಕೃತ ಪದ್ಯವೊಂದರಲ್ಲಿ ಹೆಣ್ಣೊಬ್ಬಳು ಧಾರ್ಮಿಕನಿಗೆ, ನಿನ್ನನ್ನು ಹೆದರಿಸುತ್ತಿದ್ದ ನಾಯಿಯನ್ನು ಗೋದಾವರಿ ದಡದ ಸಿಂಹ ಕೊಂದಿದೆ, ಇನ್ನು ನಿಶ್ಚಿಂತೆಯಿಂದ ತಿರುಗಾಡು ಎನ್ನುತ್ತಾಳೆ. ಬಾಯಲ್ಲಿ ಅನುಮತಿ, ಒಳಗಿರುವುದು ಅತ್ತ ಸುಳಿಯಬೇಡ ಎಂಬ ನಿಷೇಧ. ಇಂಥ ಸೂಚ್ಯಾರ್ಥವೇ ಧ್ವನಿ. ಅದೇ ಶತಮಾನದ ನಮ್ಮ 'ಕವಿರಾಜಮಾರ್ಗ'ವೂ ಧ್ವನಿಯನ್ನು ಅಲಂಕಾರವೆಂದು ಹೆಸರಿಸುತ್ತದೆ.

ತಪ್ಪು ಕಲ್ಪನೆ: ಬಾಯಿಬಿಟ್ಟು ಹೇಳದ್ದಕ್ಕೆ ಹೊಣೆಯಿಲ್ಲ.

ಸತ್ಯ: ಕಾನೂನು ಇದನ್ನು ಒಪ್ಪುವುದಿಲ್ಲ. ವ್ಯಂಗ್ಯವಾಗಿ ಹೊರಿಸಿದ ಆರೋಪವೂ ಮಾನಹಾನಿಯಾಗಬಹುದು ಎಂದು 1860ರ ದಂಡಸಂಹಿತೆಯ 499ನೇ ಕಲಮಿನಲ್ಲೇ ಇತ್ತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮೂ ಅದನ್ನು ಉಳಿಸಿಕೊಂಡಿದೆ.

ತಪ್ಪು ಕಲ್ಪನೆ: ಹಳ್ಳಿಯವರಿಗೆ ನೇರವಾಗಿ ಮಾತಾಡಲು ಬಾರದು.

ಸತ್ಯ: ನನಗೆ ಅತಿ ಹೆಚ್ಚು ನೋವು ಕೊಡುವುದು ಈ ಮಾತು. ನಗರದವರೂ ದಿನವಿಡೀ ಸೂಚಿಸಿಯೇ ಮಾತಾಡುತ್ತಾರೆ. "ನೋಡೋಣ" ಎಂದು ಫೈಲು ಬದಿಗಿಡುವ ಅಧಿಕಾರಿ ಮಾಡುವುದೂ ಅದನ್ನೇ. ಆಡುವವರಿಗೆ ಗೊತ್ತಿರುವ ಸಂಗತಿಗಳೂ ಕೇಳುವವರಿಗೆ ಗೊತ್ತಿರುವ ಸಂಗತಿಗಳೂ ಬೇರೆಯಾದಾಗ ಕೊಂಡಿ ತಪ್ಪುತ್ತದೆ. ಮಾತ್ರೆ ತಗೊಂಡಿರಾ ಎಂದು ಹೊರಗಿನಿಂದ ಬಂದ ವೈದ್ಯರು ಕೇಳುತ್ತಾರೆ. ಮುದುಕಿ, ಊಟವೇ ಸೇರುವುದಿಲ್ಲ ಎನ್ನುತ್ತಾಳೆ. ಬರಿಹೊಟ್ಟೆಯಲ್ಲಿ ನುಂಗಬಾರದೆಂದು ಅವಳು ಮಾತ್ರೆ ಬಿಟ್ಟಿದ್ದಾಳೆ. ವೈದ್ಯರ ಚೀಟಿಯಲ್ಲಿ ಮಾತ್ರ ಹಸಿವಿಲ್ಲ ಎಂದಷ್ಟೇ ದಾಖಲಾಗುತ್ತದೆ. "ಹಾಗಾದರೆ ಮಾತ್ರೆ ತಗೊಂಡಿಲ್ಲ, ಅಲ್ವಾ ಅಮ್ಮ?" ಎಂದು ಇನ್ನೊಮ್ಮೆ ಕೇಳಬೇಕಾದವರು ಕುರ್ಚಿಯಲ್ಲಿ ಕುಳಿತವರು.