ವೇದಿಕೆಯ ಮಿಕ್ಸರ್‌ನಿಂದ ಸ್ಟುಡಿಯೋ ಧ್ವನಿಮುದ್ರಣ

ಶಾಲಾ ವಾರ್ಷಿಕೋತ್ಸವವಿರಲಿ, ಯಕ್ಷಗಾನವಿರಲಿ, ವೇದಿಕೆಯ ಬದಿಯಲ್ಲಿ ಸಾಲು ಸಾಲು ಗುಂಡಿಗಳಿರುವ ಪೆಟ್ಟಿಗೆಯೊಂದನ್ನು ನೀವು ನೋಡಿರುತ್ತೀರಿ. ಅದೇ ಸೌಂಡ್ ಮಿಕ್ಸರ್. ಹಲವು ಮೈಕುಗಳಿಂದ ಬರುವ ವಿದ್ಯುತ್ ಸಂಕೇತಗಳನ್ನು ಬೇಕಾದ ಪ್ರಮಾಣದಲ್ಲಿ ಬೆರೆಸಿ ಧ್ವನಿವರ್ಧಕಗಳಿಗೆ ಕಳುಹಿಸುವುದು ಅದರ ಕೆಲಸ. ಅಡುಗೆಮನೆಯ ಮಿಕ್ಸಿಗೂ ಇದಕ್ಕೂ ಒಂದು ಹೋಲಿಕೆಯಿದೆ: ಒಮ್ಮೆ ಬೆರೆತದ್ದನ್ನು ಬಿಡಿಸುವುದು ಕಷ್ಟ. ಹಾಡು ಮತ್ತು ವಾದ್ಯಗಳನ್ನು ಬೇರ್ಪಡಿಸುವ ತಂತ್ರಾಂಶಗಳು ಈಚೆಗೆ ಬಂದಿವೆಯಾದರೂ, ಬೇರ್ಪಟ್ಟ ದನಿಯಲ್ಲಿ ವಿಕಾರಗಳು ಉಳಿಯುವುದುಂಟು.

ಊರಿನ ಹಿರಿಯ ಭಾಗವತರೊಬ್ಬರ ಹಾಡುಗಾರಿಕೆಯನ್ನು ಮದ್ದಳೆ, ಚೆಂಡೆಗಳೊಡನೆ ಶಾಲೆಯ ಕೋಣೆಯೊಂದರಲ್ಲಿ ದಾಖಲಿಸಬೇಕಾಗಿದೆ ಎಂದುಕೊಳ್ಳೋಣ. ಎಂಬತ್ತು ದಾಟಿದ ಕಂಠ; ಮುಂದಿನ ವರ್ಷ ಮತ್ತೊಮ್ಮೆ ಹಾಡಿಸೋಣ ಎನ್ನುವಂತಿಲ್ಲ. ಸ್ಟುಡಿಯೋ ಬಾಡಿಗೆಗೆ ಹಣವಿಲ್ಲ, ಆದರೆ ವೇದಿಕೆಯ ಮಿಕ್ಸರ್ ಇದೆ. ಸಾಮಾನ್ಯವಾಗಿ ಅದರ ಮುಖ್ಯ ಔಟ್‌ಪುಟ್‌ನಿಂದ ತಂತಿ ಎಳೆದು ಕಂಪ್ಯೂಟರಿಗೆ ಸಿಕ್ಕಿಸಿಬಿಡುತ್ತಾರೆ. ಇದು ಸರಿಯಾದ ಜಾಗವಲ್ಲ.

ಪ್ರದರ್ಶನದ ಸಂದರ್ಭವನ್ನು ನೆನಪಿಸಿಕೊಳ್ಳಿ. ಚೆಂಡೆಯ ದನಿ ಮೈಕಿಲ್ಲದೆಯೇ ಸಭೆಯ ಕೊನೆಯ ಸಾಲನ್ನು ಮುಟ್ಟುತ್ತದೆ. ಆದ್ದರಿಂದ ಮಿಕ್ಸರ್ ನಿರ್ವಾಹಕ ಚೆಂಡೆಯ ಫೇಡರನ್ನು ತಗ್ಗಿಸಿ, ಭಾಗವತರದನ್ನು ಏರಿಸಿರುತ್ತಾನೆ. ಮುಖ್ಯ ಔಟ್‌ಪುಟ್‌ನಲ್ಲಿರುವುದು ಪೂರ್ಣ ಹಿಮ್ಮೇಳವಲ್ಲ. ಸಭಾಂಗಣದಲ್ಲಿ ಕೊರತೆಯಾದ ಭಾಗ ಮಾತ್ರ. ಅದನ್ನೇ ಮುದ್ರಿಸಿದರೆ ಚೆಂಡೆ ದೂರದ ಊರಿನದೆಂಬಂತೆ ಕೇಳುತ್ತದೆ. ಮುಚ್ಚಿದ ಕೋಣೆಯಲ್ಲಿ ಹೆಡ್‌ಫೋನ್ ಹಾಕಿ ಪ್ರಮಾಣವನ್ನು ತಿದ್ದಬಹುದು. ಆದರೆ ಆ ಕ್ಷಣದ ತೀರ್ಮಾನವೇ ಶಾಶ್ವತವಾಗುತ್ತದೆ.

ಬೆರಕೆಗೆ ಮುನ್ನವೇ ಸಂಕೇತವನ್ನು ಪಡೆಯುವುದು ಇದಕ್ಕೆ ಉಪಾಯ. ಅನೇಕ ಮಿಕ್ಸರ್‌ಗಳ ಪ್ರತಿ ಚಾನೆಲ್‌ನಲ್ಲೂ ‘ಇನ್ಸರ್ಟ್’ ಎಂಬ ರಂಧ್ರವಿರುತ್ತದೆ. ಮೈಕಿನ ಸಂಕೇತ ಮೊದಲ ವರ್ಧಕವನ್ನು ದಾಟಿದ ಮೇಲೆ, ಫೇಡರ್ ತಲುಪುವ ಮೊದಲು ಇಲ್ಲಿ ಹೊರಬಂದು ಮರಳುತ್ತದೆ. ಇಲ್ಲಿಗೆ ಬೇಕಾಗುವ ಪಿನ್ನಿನಲ್ಲಿ ತುದಿ, ಉಂಗುರ, ಬುಡ ಎಂಬ ಮೂರು ಭಾಗಗಳಿವೆ. ಸಾಮಾನ್ಯವಾಗಿ ತುದಿ ಹೊರಹೋಗುವ ದಾರಿ, ಉಂಗುರ ಮರಳುವ ದಾರಿ, ಬುಡ ಭೂಸಂಪರ್ಕ. ತುದಿಯನ್ನೂ ಉಂಗುರವನ್ನೂ ಪಿನ್ನಿನೊಳಗೆ ಬೆಸುಗೆ ಹಾಕಿ ಜೋಡಿಸಿದರೆ ಸಂಕೇತ ಮಿಕ್ಸರಿನಲ್ಲೂ ಮುಂದುವರಿಯುತ್ತದೆ, ಹೊರಗೂ ಸಿಗುತ್ತದೆ. ಈ ತಂತಿಗಳನ್ನು ಬಹು ಚಾನೆಲ್ ಆಡಿಯೋ ಇಂಟರ್‌ಫೇಸ್‌ನ ಲೈನ್ ಇನ್‌ಪುಟ್‌ಗಳಿಗೆ ಕೊಟ್ಟರೆ ಭಾಗವತರು, ಮದ್ದಳೆ, ಚೆಂಡೆ ಪ್ರತ್ಯೇಕ ಪಥಗಳಲ್ಲಿ ದಾಖಲಾಗುತ್ತವೆ. ಫೇಡರನ್ನು ಎಷ್ಟು ಅಲುಗಿಸಿದರೂ ಮುದ್ರಣಕ್ಕೆ ಬಾಧೆಯಿಲ್ಲ.

ಇನ್ಸರ್ಟ್ ಇಲ್ಲದ ಸಣ್ಣ ಮಿಕ್ಸರ್ ಆದರೆ? ಭಾಗವತರ ಚಾನೆಲ್‌ನ ಪ್ಯಾನ್ ಗುಂಡಿಯನ್ನು ಪೂರ್ತಿ ಎಡಕ್ಕೂ ವಾದ್ಯಗಳದನ್ನು ಪೂರ್ತಿ ಬಲಕ್ಕೂ ತಿರುಗಿಸಿ. ಮುಖ್ಯ ಔಟ್‌ಪುಟ್‌ನ ಎಡ ಬಲಗಳು ಆಗ ಎರಡು ಸ್ವತಂತ್ರ ಪಥಗಳಾಗುತ್ತವೆ. ಬಡವನ ಬಹುಪಥ ಮುದ್ರಣ ಎನ್ನಬಹುದು. ಹಾಡು ಮತ್ತು ವಾದ್ಯದ ಪ್ರಮಾಣವನ್ನಂತೂ ನಂತರ ತಿದ್ದಲು ಬರುತ್ತದೆ.

ಇನ್ನು ಗೇನ್ ವಿಚಾರ. ಗಾಳಿಯ ಒತ್ತಡ 1 ಪಾಸ್ಕಲ್‌ನಷ್ಟು ಏರಿಳಿದಾಗ ಸಾಮಾನ್ಯ ಡೈನಾಮಿಕ್ ಮೈಕ್ ಕೊಡುವುದು ಸುಮಾರು 2 ಮಿಲಿವೋಲ್ಟ್ ಮಾತ್ರ. ಮೊದಲ ವರ್ಧಕ ಅದನ್ನು 100 ಪಟ್ಟು ಹೆಚ್ಚಿಸಿ 200 ಮಿಲಿವೋಲ್ಟ್ ಮಾಡಿತೆನ್ನಿ. ಮುಂದಿನ ಹಂತಗಳು 0.05 ಮಿಲಿವೋಲ್ಟ್‌ನಷ್ಟು ಗದ್ದಲ ಸೇರಿಸಿದರೆ ಸಂಕೇತಕ್ಕೂ ಗದ್ದಲಕ್ಕೂ 4,000ಕ್ಕೆ 1ರ ಅನುಪಾತ, ಅಂದರೆ 72 ಡೆಸಿಬೆಲ್. ಮೊದಲ ವರ್ಧಕವನ್ನು 10 ಪಟ್ಟಿಗೇ ನಿಲ್ಲಿಸಿ ಕೊರತೆಯನ್ನು ಕೊನೆಯಲ್ಲಿ ತುಂಬಿಸಿದರೆ ಸಂಕೇತದ ಜೊತೆ ಗದ್ದಲವೂ ಹತ್ತು ಪಟ್ಟಾಗಿ ಅನುಪಾತ 52 ಡೆಸಿಬೆಲ್‌ಗೆ ಇಳಿಯುತ್ತದೆ. ಸಭೆಯ ಗಲಾಟೆಯಲ್ಲಿ ಮುಚ್ಚಿಹೋಗುವ ‘ಸ್‌ಸ್’ ಸದ್ದು ನಿಶ್ಶಬ್ದ ಕೋಣೆಯ ಮುದ್ರಣದಲ್ಲಿ ಎದ್ದು ಕೇಳುತ್ತದೆ. ಆದ್ದರಿಂದ ವರ್ಧನೆ ಆದಷ್ಟೂ ಮೊದಲ ಹಂತದಲ್ಲೇ ಆಗಬೇಕು.

ಹಾಗೆಂದು ಮಿತಿಮೀರಬಾರದು. ಅಂಕೀಯ ಮುದ್ರಣದಲ್ಲಿ ಮಾಪಕದ ಸೊನ್ನೆ ಡೆಸಿಬೆಲ್ಲೇ ಛಾವಣಿ; ದಾಟಿದ ಅಲೆಯ ತಲೆ ಕತ್ತರಿಸಿಹೋಗುತ್ತದೆ, ಮತ್ತೆ ಕೂಡಿಸಲಾಗದು. ಪ್ರತಿ ಬಿಟ್‌ಗೆ ಸುಮಾರು 6 ಡೆಸಿಬೆಲ್‌ನಂತೆ 24 ಬಿಟ್ ಮುದ್ರಣಕ್ಕೆ ಸೈದ್ಧಾಂತಿಕವಾಗಿ 144 ಡೆಸಿಬೆಲ್ ಹರವಿದೆ. ಆದ್ದರಿಂದ ಅತಿ ಜೋರಿನ ಪೆಟ್ಟು ಸಹ ಸೊನ್ನೆಗಿಂತ 12 ಡೆಸಿಬೆಲ್ ಕೆಳಗೆ ಇರುವಂತೆ ನೋಡಿಕೊಂಡರೆ ನಷ್ಟವೇನೂ ಇಲ್ಲ. ಚೆಂಡೆಯ ಪೆಟ್ಟು ಕ್ಷಣಾರ್ಧದ್ದು. ನಿಧಾನಗತಿಯ ಮಾಪಕ ಅದನ್ನು ಪೂರ್ತಿ ತೋರಿಸುವುದೇ ಇಲ್ಲ.

ವೇದಿಕೆಯಲ್ಲಿ ಮೈಕ್ ಕೂಗದಂತೆ ಕೆಲವು ಆವೃತ್ತಿಗಳನ್ನು ತಗ್ಗಿಸಿರುತ್ತಾರೆ. ಕೋಣೆಯಲ್ಲಿ ಧ್ವನಿವರ್ಧಕವೇ ಇಲ್ಲದಿರುವಾಗ ಆ ಗುಂಡಿಗಳನ್ನೆಲ್ಲ ಮಧ್ಯಕ್ಕೆ ತನ್ನಿ. ಫ್ಯಾನ್ ಆರಿಸಿ.

ಹಳೆಯ ಅನಲಾಗ್ ಮಿಕ್ಸರ್‌ಗೆ ಒಂದು ಹಿರಿಮೆಯೂ ಇದೆ. ದನಿ ಕಂಪ್ಯೂಟರಿನೊಳಗೆ ಹೋಗಿ ಹೆಡ್‌ಫೋನಿಗೆ ಮರಳಲು ಸಮಯ ಹಿಡಿಯುತ್ತದೆ. ಸೆಕೆಂಡಿಗೆ 44,100 ಮಾದರಿಗಳ ಮುದ್ರಣದಲ್ಲಿ 256 ಮಾದರಿಗಳ ಬಫರ್ ಇದ್ದರೆ ಒಂದು ದಾರಿಗೆ 5.8 ಮಿಲಿಸೆಕೆಂಡ್, ಹೋಗಿಬರಲು ಕನಿಷ್ಠ 11.6. ಶಬ್ದ ಅಷ್ಟರಲ್ಲಿ ಗಾಳಿಯಲ್ಲಿ ಸುಮಾರು 4 ಮೀಟರ್ ಚಲಿಸುತ್ತದೆ. ಅಂದರೆ ಹಾಡುವವರಿಗೆ ತಮ್ಮದೇ ದನಿ 4 ಮೀಟರ್ ಆಚೆಯಿಂದ ಬಂದಂತಾಗುತ್ತದೆ. ಮಿಕ್ಸರಿನಿಂದಲೇ ನೇರ ಕೇಳಿಸಿದರೆ ಈ ತೊಡಕಿಲ್ಲ.

ಯುಎಸ್‌ಬಿ ಇರುವ ಮಿಕ್ಸರ್ ಕೊಳ್ಳುವವರು ಗಮನಿಸಬೇಕು. 2012ರಲ್ಲಿ ಬಂದ ಬೆರಿಂಜರ್ ಎಕ್ಸ್32ರಂಥವು 32 ಪಥಗಳನ್ನು ಪ್ರತ್ಯೇಕವಾಗಿ ಕಂಪ್ಯೂಟರಿಗೆ ಕಳುಹಿಸಬಲ್ಲವು. ಅಗ್ಗದ ಅನೇಕ ಮಾದರಿಗಳು ಕಳುಹಿಸುವುದು ಬೆರೆತ ಎರಡು ಪಥಗಳನ್ನಷ್ಟೇ. ಪೆಟ್ಟಿಗೆಯ ಮೇಲೆ ಹನ್ನೆರಡು ಚಾನೆಲ್ ಎಂದು ಬರೆದಿದ್ದರೂ, ಯುಎಸ್‌ಬಿ ಮೂಲಕ ಎಷ್ಟು ಹೊರಬರುತ್ತವೆ ಎಂದು ಕೈಪಿಡಿಯಲ್ಲಿ ಓದಿಯೇ ಹಣ ಕೊಡಿ.