ಕಹಳೆಯ ಕರೆ ಯಾವುದಕ್ಕೆ?

ಜಾತ್ರೆ ಉತ್ಸವಗಳಲ್ಲಿ ಕೊಂಬು ಕಹಳೆಗಳ ನಾದವನ್ನು ಕೇಳಿ ಬೆಳೆದವರು ನಾವು. ಆ ನಾದ ಕಿವಿಗೆ ಬಿದ್ದೊಡನೆ ಕಾಲು ತಾನಾಗಿ ಅತ್ತ ಹೊರಳುತ್ತದೆ. ಆದರೆ ಅದೇ ಕಹಳೆ ಹಿಂದಿನಿಂದಲೂ ಜನರನ್ನು ರಣರಂಗಕ್ಕೆ ಕರೆದಿದೆಯೆಂಬುದನ್ನು ಮರೆಯಲಾಗದು. ಅದರ ಕರೆ ಕೊಲ್ಲುವುದಕ್ಕೋ, ಕೂಡುವುದಕ್ಕೋ? ಪಾಶ್ಚಾತ್ಯ ದೇಶಗಳ ಕಥಾಸಾಹಿತ್ಯಾಭಿಮಾನಿಗಳ ಸಮ್ಮೇಳನಗಳ ವಿಷಯವನ್ನು ಓದುವಾಗ ಈ ಪ್ರಶ್ನೆ ನಮ್ಮನ್ನು ಕಾಡಿತು.

ಈ ಅಭಿಮಾನಿಗಳು ಬಹುವಾಗಿ ಆದರಿಸುವ ಲೇಖಕರಲ್ಲಿ ಆಕ್ಸ್‌ಫರ್ಡಿನ ಭಾಷಾಪಂಡಿತರಾದ ಜೆ.ಆರ್.ಆರ್. ಟೋಲ್ಕಿನ್ (1892–1973) ಪ್ರಮುಖರು. 1916ರ ಸೊಮ್ ಯುದ್ಧದಲ್ಲಿ ಅವರು ಸೈನ್ಯದ ಸಂದೇಶಾಧಿಕಾರಿಯಾಗಿದ್ದರು. 1918ರ ವೇಳೆಗೆ ಅವರ ಆಪ್ತಮಿತ್ರರಲ್ಲಿ ಒಬ್ಬರ ಹೊರತು ಉಳಿದವರೆಲ್ಲ ಗತಿಸಿದ್ದರು. 1954–55ರಲ್ಲಿ ಮೂರು ಸಂಪುಟಗಳಾಗಿ ಹೊರಬಂದ ಅವರ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಕಥೆಯಲ್ಲಿ ಕೊಂಬಿನ ದನಿ ಮರಳಿ ಮರಳಿ ಕೇಳಿಬರುತ್ತದೆ. ಮುತ್ತಿಗೆಗೊಳಗಾದ ನಗರಕ್ಕೆ ನಸುಕಿನಲ್ಲಿ ಮಿತ್ರಸೇನೆಯ ಕೊಂಬುಗಳು ಆಶೆಯನ್ನು ತರುತ್ತವೆ. ಕಡೆಯಲ್ಲಿ ಮೆರ್ರಿ ಎಂಬ ಗಿಡ್ಡದೇಹದ ಸಾಹಸಿ ಪುಟ್ಟದೊಂದು ಬೆಳ್ಳಿಯ ಕೊಂಬನ್ನೂದಿ, ದುಷ್ಟರ ಕೈಯಲ್ಲಿ ನಲುಗುತ್ತಿದ್ದ ತನ್ನ ನಾಡನ್ನು ಎಚ್ಚರಿಸುತ್ತಾನೆ. ಮುಂದೆ ಪ್ರತಿವರ್ಷ ಆ ದಿನದ ಸಂಜೆ ಅದನ್ನೂದಿ ಜನರು ಔತಣ ನಡೆಸುತ್ತಿದ್ದರೆಂದು ಅನುಬಂಧದಲ್ಲಿದೆ. ಹೋರಾಟಕ್ಕೆ ಕರೆದ ಕೊಂಬು ಹಬ್ಬಕ್ಕೆ ಕರೆಯತೊಡಗಿತು.

ಈ ಕಥೆಗೆ ಹಿತ್ತಾಳೆಯ ದನಿ ಕೊಟ್ಟವರಲ್ಲಿ ಹಾಲೆಂಡಿನ ಯೋಹಾನ್ ಡೆ ಮೇ ಒಬ್ಬರು. ಸ್ವತಃ ಟ್ರೊಂಬೋನ್ ವಾದಕರು. ಕೊಳಲು, ಕ್ಲಾರಿನೆಟ್, ಹಿತ್ತಾಳೆ ವಾದ್ಯಗಳು ಕೂಡಿದ ಮೇಳಕ್ಕಾಗಿ ಅವರು ರಚಿಸಿದ ಐದು ಭಾಗಗಳ ಸಿಂಫನಿ 1988ರ ಮಾರ್ಚ್ 15ರಂದು ಬ್ರಸೆಲ್ಸ್ ನಗರದಲ್ಲಿ ಮೊದಲು ನುಡಿಯಿತು. ನುಡಿಸಿದ್ದು ಬೆಲ್ಜಿಯಂ ಸೈನ್ಯದ ವಾದ್ಯಮೇಳ! ಕೃತಿಯ ಕೊನೆ ಜಯಘೋಷವಲ್ಲ. ಅದು ಮೆಲ್ಲನೆ ಶಾಂತಿಯಲ್ಲಿ ಲೀನವಾಗುತ್ತದೆ.

ವಿಜ್ಞಾನಕಥೆ ಹಾಗೂ ಅದ್ಭುತಕಥೆಗಳ ಅಭಿಮಾನಿಗಳ ಜಾಗತಿಕ ಸಮ್ಮೇಳನವಾದ ವರ್ಲ್ಡ್‌ಕಾನ್ 1939ರಲ್ಲಿ ನ್ಯೂಯಾರ್ಕಿನಲ್ಲಿ ಆರಂಭವಾಯಿತು. ಅದನ್ನು ನಡೆಸುವವರು ಸ್ವಯಂಸೇವಕರು. 2014ರ ಆಗಸ್ಟಿನಲ್ಲಿ ಲಂಡನ್ನಿನಲ್ಲಿ ಜರುಗಿದ 72ನೆಯ ಸಮ್ಮೇಳನಕ್ಕೆಂದೇ ಒಂದು ವಾದ್ಯವೃಂದವನ್ನು ಕಟ್ಟಲಾಯಿತು. ಐದು ದಿನಗಳ ಮಟ್ಟಿಗೆ ಕೂಡಿ ಚದುರುವ ಸಭೆಗಾಗಿ ಇಷ್ಟು ಶ್ರಮವೇಕೆ? ಕಥೆಯನ್ನು ಓದುವಾಗ ಪ್ರತಿಯೊಬ್ಬನೂ ಒಂಟಿ. ವಾದ್ಯ ನುಡಿದಾಗ ಮಾತ್ರ ಓದುಗರೆಲ್ಲ ಒಂದೇ ಕ್ಷಣದಲ್ಲಿ ಒಂದೇ ಭಾವದಲ್ಲಿ ನಿಲ್ಲುತ್ತಾರೆ.

ಹಿತ್ತಾಳೆ ವಾದ್ಯವನ್ನು ಕೂಡಿ ನುಡಿಸುವುದು ಸುಲಭವಲ್ಲ. ಟ್ರಂಪೆಟ್ಟಿಗೆ ಮೂರೇ ಒತ್ತುಗುಂಡಿಗಳು. ಬೆರಳಿನ ಒಂದೇ ಹಿಡಿತದಲ್ಲಿ ಹಲವು ಸ್ವರಗಳು ಅಡಗಿರುತ್ತವೆ. ಯಾವುದು ಹೊಮ್ಮಬೇಕೆಂಬುದನ್ನು ತುಟಿಯ ಬಿಗುವೂ ಉಸಿರೂ ನಿರ್ಣಯಿಸಬೇಕು. ಲೋಹ ತಣ್ಣಗಿದ್ದರೆ ಶ್ರುತಿ ಇಳಿಯುತ್ತದೆ, ಉಸಿರಿನಿಂದ ಬೆಚ್ಚಗಾದಂತೆ ಏರುತ್ತದೆ. ಆದ್ದರಿಂದ ಮೊದಲೇ ವಾದ್ಯವನ್ನು ಊದಿ ಕಾಯಿಸಿ, ಪಕ್ಕದವನನ್ನು ಆಲಿಸಿ, ತನ್ನ ಶ್ರುತಿಯನ್ನು ತಿದ್ದಿಕೊಳ್ಳಬೇಕು. ಒಬ್ಬನ ಅಬ್ಬರಕ್ಕೆ ಹತ್ತು ಜನರ ಸ್ವರ ಮುಚ್ಚಿಹೋಗಬಹುದು. ಶಕ್ತಿಯಿದ್ದೂ ತಡೆದು ನುಡಿಸುವ ಈ ಸಂಯಮವನ್ನು ನಮ್ಮ ಹಿರಿಯರು ಸಾಧನೆಯೆಂದೇ ಕರೆಯುತ್ತಿದ್ದರು.

ಮಕ್ಕಳು ಇಂಥ ಅದ್ಭುತಕಥೆಗಳನ್ನು ಕೈಗೆತ್ತಿಕೊಂಡರೆ ‘ಸುಳ್ಳು ಕಥೆಯಿಂದ ಏನು ಫಲ?’ ಎಂದು ಗದರುವ ಹಿರಿಯರುಂಟು. ನಾವೂ ಒಮ್ಮೆ ಹಾಗೆಯೇ ಗದರಿದ್ದೆವು. ಯುದ್ಧದಲ್ಲಿ ಮಿತ್ರರನ್ನು ಕಳೆದುಕೊಂಡವರೊಬ್ಬರು ಬರೆದ ಕಥೆಗೆ ಸೈನ್ಯದ ಮೇಳವೇ ಶಾಂತಿಯ ಸ್ವರವನ್ನು ನುಡಿಸಿದ ಈ ವೃತ್ತಾಂತವನ್ನರಿತ ಮೇಲೆ ಆ ಗದರಿಕೆಗೆ ಬಾಯಿ ಬಾರದು. ಮುಂದಿನ ಜಾತ್ರೆಯಲ್ಲಿ ಕಹಳೆ ಮೊಳಗಿದಾಗ ಮಗುವಿನ ಕೈ ಹಿಡಿದು ಒಂದು ಕ್ಷಣ ನಿಲ್ಲಿರಿ. ಅದು ಯಾವುದಕ್ಕೆ ಕರೆಯುತ್ತಿದೆಯೆಂದು ಮಗುವನ್ನೇ ಕೇಳಿರಿ.