ಟೈಪ್ 1 ಮಧುಮೇಹದ ಮಕ್ಕಳು: ಪಾದದ ನರಗಳ ಕಡೆಗೂ ಗಮನವಿರಲಿ

ಧಾರವಾಡದ ಸಮೀಪದ ಅಮ್ಮಿನಬಾವಿ ತನ್ನ ಪುರಾತನ ಬಸದಿಯಿಂದ ನಮ್ಮ ಸಮಾಜದವರಿಗೆ ಪರಿಚಿತ ಊರು. ಬೇಸಿಗೆಯ ಮಧ್ಯಾಹ್ನ ಇಂಥ ಬಸದಿಯ ಅಂಗಳದಲ್ಲಿ ಬರಿಗಾಲಲ್ಲಿ ನಿಂತ ಮಗು ಕಲ್ಲು ಸುಟ್ಟ ಕೂಡಲೇ ಕಾಲೆತ್ತಿ ನೆರಳಿಗೆ ಓಡುತ್ತದೆ. ಬಿಸಿಯ ಸುದ್ದಿಯನ್ನು ಮೆದುಳಿಗೆ ಮುಟ್ಟಿಸುವುದು ಪಾದದ ನರ. ಟೈಪ್ 1 ಮಧುಮೇಹ ಇರುವ ಮಗುವಿನಲ್ಲಿ ಕಾಪಾಡಬೇಕಾದದ್ದು ಈ ನರವನ್ನೂ ಹೌದು.

ಈ ಕಾಯಿಲೆ ಸಿಹಿ ತಿಂದದ್ದರಿಂದ ಬರುವುದಲ್ಲ. ದೇಹದ ರೋಗನಿರೋಧಕ ಶಕ್ತಿಯೇ ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ನಾಶ ಮಾಡುತ್ತದೆ. ಆದ್ದರಿಂದ ಇನ್ಸುಲಿನ್ ಚುಚ್ಚುಮದ್ದು ಬೇಕೇ ಬೇಕು. ಅದು ಪ್ರಾಣಿಜನ್ಯವೇ ಎಂದು ಕೆಲವು ಶ್ರಾವಕರು ಕೇಳುತ್ತಾರೆ. ಹಿಂದೆ ದನ, ಹಂದಿಗಳ ಗ್ರಂಥಿಯಿಂದ ತೆಗೆಯುತ್ತಿದ್ದುದು ನಿಜ. 1982ರಿಂದೀಚೆಗೆ ಸೂಕ್ಷ್ಮಾಣುಗಳ ಮೂಲಕ ತಯಾರಾದ ಮಾನವ ಇನ್ಸುಲಿನ್ ಬಳಕೆಗೆ ಬಂದಿದೆ.

ಸಕ್ಕರೆ ಅಂಶ ವರ್ಷಗಟ್ಟಲೆ ಹೆಚ್ಚಿದ್ದರೆ ನರಗಳಿಗೂ ಅವುಗಳಿಗೆ ರಕ್ತ ಕೊಡುವ ಸಣ್ಣ ನಾಳಗಳಿಗೂ ಪೆಟ್ಟು ಬೀಳುತ್ತದೆ. ಅತಿ ಉದ್ದದ ನರಗಳು ಪಾದಕ್ಕೆ ಹೋಗುವಂಥವು, ಹಾಗಾಗಿ ತೊಂದರೆ ಶುರುವಾಗುವುದು ಬೆರಳ ತುದಿಯಿಂದ. ಮಕ್ಕಳಲ್ಲಿ ಜುಮುಜುಮು, ಉರಿ, ಮರಗಟ್ಟುವಿಕೆ ಕಾಣುವುದು ಕಡಿಮೆ. ನರದಲ್ಲಿ ಸಂಕೇತ ಹರಿಯುವ ವೇಗ ತಗ್ಗಿರುವುದು ಪರೀಕ್ಷೆಯಲ್ಲಷ್ಟೇ ತಿಳಿಯುತ್ತದೆ. ಮಗು ಆಡಿಕೊಂಡಿದೆ, ಏನೂ ಇಲ್ಲ ಎಂದು ತಂದೆತಾಯಿ ಸುಮ್ಮನಿರುವುದು ಇಲ್ಲಿಯೇ. ಹರೆಯದಲ್ಲಿ ಹಾರ್ಮೋನುಗಳ ಏರಿಳಿತದಿಂದ ಸಕ್ಕರೆ ಹಿಡಿತಕ್ಕೆ ಸಿಗುವುದು ಇನ್ನೂ ಕಷ್ಟ.

ಮಗುವಿಗೆ ಹತ್ತು ಹನ್ನೊಂದು ವರ್ಷ ದಾಟಿ, ಕಾಯಿಲೆ ಬಂದು ಕೆಲವು ವರ್ಷ ಆಗಿದ್ದರೆ ವರ್ಷಕ್ಕೊಮ್ಮೆ ಪಾದದ ಪರೀಕ್ಷೆ ಮಾಡಿಸಬೇಕು. ವೈದ್ಯರು ತೆಳುವಾದ ನೈಲಾನ್ ಎಳೆಯನ್ನು ಪಾದಕ್ಕೆ ಒತ್ತಿ, ಕಂಪಿಸುವ ಕವಲುಕೋಲನ್ನು ಬೆರಳಿಗೆ ತಾಗಿಸಿ ಗೊತ್ತಾಗುತ್ತದೆಯೇ ಎಂದು ಕೇಳುತ್ತಾರೆ. ನೋವಿಲ್ಲ, ಕೆಲವೇ ನಿಮಿಷದ ಕೆಲಸ. ಈ ಭಾಗದವರು ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್) ಅಥವಾ ಸತ್ತೂರಿನ ಎಸ್‌ಡಿಎಂ ಆಸ್ಪತ್ರೆಯಲ್ಲಿ ವಿಚಾರಿಸಬಹುದು. ಅಮೆರಿಕ ಮತ್ತು ಕೆನಡಾದಲ್ಲಿ 13ರಿಂದ 39 ವಯಸ್ಸಿನ 1,441 ಜನರ ಮೇಲೆ ನಡೆದು 1993ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸಕ್ಕರೆಯನ್ನು ಬಿಗಿಯಾಗಿ ಹಿಡಿತದಲ್ಲಿಟ್ಟವರಿಗೆ ನರದ ತೊಂದರೆ ಸುಮಾರು ಶೇ. 60ರಷ್ಟು ಕಡಿಮೆಯಾಗಿತ್ತು.

ಬಿ12 ಕೊರತೆಯಿಂದಲೂ ಇಂಥದೇ ನರದ ತೊಂದರೆ ಬರುತ್ತದೆ. ಶಾಕಾಹಾರಿಗಳಿಗೆ ಅದು ಸಿಗುವುದು ಮುಖ್ಯವಾಗಿ ಹಾಲು ಮೊಸರಿನಿಂದ. ಹಾಲು ಕುಡಿಯದ ಮಕ್ಕಳಿಗೆ ರಕ್ತಪರೀಕ್ಷೆ ಮಾಡಿಸುವುದು ಒಳ್ಳೆಯದು.

ಇನ್ನು ರಾತ್ರಿ ಭೋಜನ ತ್ಯಾಗ ಮತ್ತು ದಶಲಕ್ಷಣ ಪರ್ವದ ಉಪವಾಸ. ಸೂರ್ಯಾಸ್ತದ ಮುಂಚಿನ ಊಟಕ್ಕೆ ಹೊಂದುವಂತೆ ಇನ್ಸುಲಿನ್ ಪ್ರಮಾಣ ಮತ್ತು ಸಮಯವನ್ನು ವೈದ್ಯರಿಂದ ಮೊದಲೇ ಕೇಳಿಕೊಳ್ಳಿ. ಉಪವಾಸವೆಂದು ಇನ್ಸುಲಿನ್ ನಿಲ್ಲಿಸಿದರೆ ಜೀವಕ್ಕೇ ಅಪಾಯ. ರಾತ್ರಿ ಸಕ್ಕರೆ 70ಕ್ಕಿಂತ ಇಳಿದರೆ ಮೂರು ಟೀ ಚಮಚ ಸಕ್ಕರೆ ಬೆರೆಸಿದ ನೀರನ್ನು ತಕ್ಷಣ ಕುಡಿಸಬೇಕು (ಜೇನು ಬೇಕಾಗಿಲ್ಲ). ಆ ಹೊತ್ತಿನಲ್ಲಿ ಅದು ಆಹಾರವಲ್ಲ, ಔಷಧಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಒಯ್ಯಿರಿ. ಒಳಾಂಗಗಳ ನರಗಳು ದುರ್ಬಲವಾದ ಮಗುವಿಗೆ ಬೆವರು, ಎದೆಬಡಿತದಂಥ ಮುನ್ಸೂಚನೆಯೂ ಸರಿಯಾಗಿ ಬಾರದಿರಬಹುದು. ಹಾಗಾಗಿ ಮಲಗುವ ಮುನ್ನ ಒಮ್ಮೆ ಸಕ್ಕರೆ ಪರೀಕ್ಷಿಸಿ.

ಬಸದಿಗೆ ಬಿಸಿಲೇರುವ ಮುನ್ನ ಹೋಗಿ ಬನ್ನಿ. ಮನೆಗೆ ಬಂದ ಮೇಲೆ ಮಗುವಿನ ಎರಡೂ ಅಂಗಾಲು, ಬೆರಳ ಸಂದುಗಳನ್ನು ಬೆಳಕಿನಲ್ಲಿ ನೋಡಿ.